ಸಹಾಯ ಬೇಕು: ‘ರೈಸ್’ ಎಂಬ ಕುಲನಾಮದ ಉಚ್ಚಾರಣೆಯ ಗೊಂದಲ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಮೂಲಕ ನಮ್ಮ ಶಾಸನಗಳನ್ನು ದಕ್ಕಿಸಿಕೊಟ್ಟ ಬಿ. ಎಲ್. ರೈಸ್ ಅವರ ಕುರಿತು ಟಿಪ್ಪಣಿ ಬರೆಯುತ್ತಿರುವಾಗ, ಅವರ ಕುಲನಾಮದ ಬಳಿ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. (ಅಕ್ಕಿಗೂ ಈ ಹೆಸರಿಗೂ ನಂಟಿಲ್ಲ ಎಂಬುದಷ್ಟು ಖಚಿತ.)

ಈ ಹೆಸರು ವೇಲ್ಸಿನ ‘ರೀಸ್’ ಎಂಬ ವ್ಯಕ್ತಿನಾಮದಿಂದ ಬಂದುದೆಂದು ಓದಿದೆ. 1197ರಲ್ಲಿ ತೀರಿಕೊಂಡ ದಕ್ಷಿಣ ವೇಲ್ಸಿನ ದೊರೆ ರೀಸ್ ಆಪ್ ಗ್ರಿಫಿದ್‌ನದೂ ಅದೇ ಹೆಸರು. ‘ರೀಸನ ಮಗ’ ಎಂಬರ್ಥದ ‘ಆಪ್ ರೀಸ್’ ಕೂಡಿಕೊಂಡು ‘ಪ್ರೈಸ್’ ಆದದ್ದೂ ಅರ್ಥವಾಗುತ್ತದೆ. ಆದರೆ ಒಂದೇ ಮೂಲದಿಂದ ರೀಸ್–ರೈಸ್, ಪ್ರೀಸ್–ಪ್ರೈಸ್ ಎಂಬ ಜೋಡಿಗಳು ಏಕೆ ಉಳಿದವು ಎಂಬಲ್ಲಿ ನನ್ನ ತಿಳಿವಳಿಕೆ ನಿಂತುಹೋಗುತ್ತದೆ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ‘ಈ’ಕಾರವು ‘ಐ’ಕಾರವಾದ ಸ್ವರಪಲ್ಲಟವನ್ನು ಹೊಂದಿಸಿ ನೋಡಿದರೂ, ವೇಲ್ಸಿನವರ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದುಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗಲಿಲ್ಲ.

ಭಾಷಾವಿಜ್ಞಾನ ಬಲ್ಲವರು ದಯವಿಟ್ಟು ತಿಳಿಸಿ: ಸ್ವರಪಲ್ಲಟಕ್ಕೆ ಮೊದಲೇ ಇಂಗ್ಲಿಷಿಗೆ ಸೇರಿದ ಹೆಸರು ‘ರೈಸ್’ ಆಗಿ, ಆಮೇಲೆ ಸೇರಿದ್ದು ‘ರೀಸ್’ ಆಗಿಯೇ ಉಳಿಯಿತೆ, ಅಥವಾ ಈ ವ್ಯತ್ಯಾಸ ಕೇವಲ ಕಾಗುಣಿತದ್ದೆ?