ಭಾವನನ್ನ ಭಾನುವಾರ ಹಕ್ಕಿ ನೋಡೋಕೆ ಕಳಿಸಲಾ ಅಂತ ಕೇಳಿದ್ದಕ್ಕೆ

ಅಕ್ಕ, ನಿನ್ನ ಮೆಸೇಜ್ ನೋಡಿದೆ. ಉದ್ದ ಆಗತ್ತೆ, ಕೆಲಸ ಮುಗಿಸ್ಕೊಂಡು ನಿಧಾನಕ್ಕೆ ಕೇಳು. ಹಕ್ಕಿ ಬಳಗದ ಹುಡುಗರಿಗೂ ಇದನ್ನೇ ಫಾರ್ವರ್ಡ್ ಮಾಡ್ಬಿಡು, ಅವರಿಗೆ ಬೇರೆ ಹೇಳೋದು ಉಳಿಯತ್ತೆ.

ನೀನು ಕೇಳಿದ್ದು ಇಷ್ಟು: ಭಾವನಿಗೆ ಬೈಪಾಸ್ ಆಗಿ ಈ ಭಾನುವಾರಕ್ಕೆ ಐದು ವಾರ. ಬಳಗದವರು ಮುತ್ತೋಡಿ ಕಾಡಿಗೆ ಹೊರಟಿದ್ದಾರೆ, "ಜೀಪಲ್ಲಿ ಸುಮ್ನೆ ಕೂತಿರ್ಲಿ, ನಾವು ನೋಡ್ಕೋತೀವಿ" ಅಂತಿದ್ದಾರೆ. ಭಾವ ಆಗ್ಲೇ ಬೈನಾಕ್ಯುಲರ್ ಒರೆಸಿ ಮೇಜಿನ ಮೇಲೆ ಇಟ್ಕೊಂಡಿದ್ದಾರೆ. ಕಳಿಸಲಾ, ಬೇಡ್ವಾ?

ಕಳಿಸು. ಆದ್ರೆ ಮುತ್ತೋಡಿಗೆ ಬೇಡ.

ಎಲ್ರೂ ಹೃದಯದ ಬಗ್ಗೆ ಹೆದರ್ತಾರೆ. ಈ ಐದನೇ ವಾರದಲ್ಲಿ ಮೊದಲು ಕಾಪಾಡ್ಕೋಬೇಕಾಗಿರೋದು ಎದೆಮೂಳೆಯನ್ನ. ಅದನ್ನ ಉದ್ದಕ್ಕೆ ಸೀಳಿ, ಆಮೇಲೆ ಸ್ಟೀಲ್ ತಂತಿ ಹಾಕಿ ಕಟ್ಟಿರ್ತಾರೆ. ಮೂಳೆ ಕೂಡಿಕೊಳ್ಳೋಕೆ ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿ ಆಗೋಕೆ ಹತ್ರ ಹತ್ರ ಮೂರು ತಿಂಗಳು. ಜೀಪಲ್ಲಿ "ಸುಮ್ನೆ ಕೂರೋದು" ಅಂತ ಒಂದು ಇಲ್ವೇ ಇಲ್ಲ. ಹತ್ತೋವಾಗ ಮೇಲಿನ ಹಿಡಿ ಹಿಡ್ಕೊಂಡು ಮೈಯನ್ನ ಎಳ್ಕೋತೀವಿ. ಗುಂಡಿ ಬಂದಾಗೆಲ್ಲ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡೀತೀವಿ. ಒಂದೇ ಕೈಲಿ ಎಳೆಯೋದು, ತಳ್ಳೋದು, ಇವೆರಡೇ ಈಗ ಮಾಡಬಾರದ ಕೆಲಸ. ಅದರ ಮೇಲೆ ಯಾರಾದ್ರೂ ಕಾಡುಕೋಣ ಕಂಡು "ಕಾಟಿ, ಕಾಟಿ" ಅಂದ್ರೆ ಭಾವ ತಟಕ್ಕನೆ ಸೊಂಟದ ಮೇಲಿಂದ ತಿರುಗ್ತಾರೆ, ಬೇಡ ಅಂದ್ರೂ ತಿರುಗ್ತಾರೆ. ಬೈಕಲ್ಲಿ ಹಿಂದೆ ಕೂರಿಸಿಕೊಂಡು ಹೋಗೋ ಮಾತೂ ಸದ್ಯಕ್ಕೆ ಬೇಡ.

ಕಾರಲ್ಲಿ ಹೋಗ್ಲಿ, ಹಿಂದಿನ ಸೀಟಲ್ಲಿ. ಸೀಟ್ ಬೆಲ್ಟ್ ಹಾಕಲೇಬೇಕು. ಗಾಯಕ್ಕೆ ಒತ್ತತ್ತೆ ಅಂತ ಬಿಡೋದಲ್ಲ, ಬೆಲ್ಟಿಗೂ ಎದೆಗೂ ಮಧ್ಯೆ ಒಂದು ಸಣ್ಣ ದಿಂಬು ಇಡೋದು. ಕೆಮ್ಮು, ಸೀನು ಬಂದ್ರೂ ಅದೇ ದಿಂಬನ್ನ ಎರಡೂ ಕೈಲಿ ಎದೆಗೆ ಅಪ್ಕೋಬೇಕು. ಇಳಿಯೋವಾಗ ಬಾಗಿಲು ಬೇರೆಯವರು ತೆಗೀಲಿ. ಎರಡೂ ಕಾಲು ಹೊರಗಿಟ್ಟು, ಸೀಟಿನ ಅಂಚಿಗೆ ಸರಿದು, ತೊಡೆ ಬಲದಲ್ಲಿ ಏಳೋದು. ಬಳಗದವರು ಪ್ರೀತಿಯಿಂದ ಕೈ ಹಿಡಿದು ಎಬ್ಬಿಸೋಕೆ ಬರ್ತಾರೆ, ಅದನ್ನ ಮಾತ್ರ ಮಾಡಬಾರದು. ಕೈ ಎಳೆದು ಎಬ್ಬಿಸಿದ್ರೆ ಆ ಎಳೆತ ಎಲ್ಲ ಹೋಗಿ ಬೀಳೋದು ಆ ಮೂಳೆ ಮೇಲೇ.

ಜಾಗ ಯಾವುದು ಅಂದ್ರೆ, ಬಳಗದಲ್ಲಿ ತೋಟ ಇರೋರು ಇದ್ದಾರಲ್ಲ, ಯಾರದ್ದಾದ್ರೂ ಕಾಫಿ ಒಣಗಿಸೋ ಕಣ. ನಗ್ಬೇಡ, ಯೋಚನೆ ಮಾಡಿ ನೋಡು. ಸಿಮೆಂಟ್ ನೆಲ, ಸಮತಟ್ಟು, ಎಡವೋಕೆ ಬೇರಿಲ್ಲ, ಕಲ್ಲಿಲ್ಲ. ಪಕ್ಕದಲ್ಲೇ ಮನೆ, ಟಾಯ್ಲೆಟ್ಟು. ಕಾರು ಕಣದವರೆಗೂ ಬರತ್ತೆ. ಅಂಚಲ್ಲಿ ಒಂದು ಗೋಣಿ ಮರವೋ ಬಸರಿಯೋ ಹಣ್ಣು ಬಿಟ್ಟಿದ್ರೆ ಮುಗೀತು, ಹಕ್ಕಿ ಹುಡುಕ್ಕೊಂಡು ಹೋಗೋದೇ ಬೇಡ. ಕುಟ್ರುಹಕ್ಕಿ, ಪಿಕಳಾರ, ಕಾಮಾಲೆ ಹಕ್ಕಿ, ಅದೃಷ್ಟ ಇದ್ರೆ ಮಂಗಟ್ಟೆ, ಎಲ್ಲ ಅಲ್ಲಿಗೇ ಬರತ್ತೆ. ಹಾಲುವಾಣ ಹೂ ಬಿಟ್ಟಿದ್ರೆ ಸೂರಕ್ಕಿ, ಕಾಜಾಣ. ಕುರ್ಚಿಯನ್ನ ಮರದ ಬುಡದಲ್ಲಿ ಹಾಕ್ಬೇಡಿ, ಇಪ್ಪತ್ತೈದು ಮೂವತ್ತು ಮೀಟರ್ ಹಿಂದಕ್ಕೆ ಹಾಕಿ. ಯಾಕೆ ಅಂತ ಆಮೇಲೆ ಹೇಳ್ತೀನಿ. ಈಗ ಕುಯ್ಲಿನ ಕಾಲ, ಕಣದಲ್ಲಿ ಕಾಫಿ ಹರವಿರ್ತಾರೆ. ಆಳುಗಳು ಕೆದಕೋಕೆ ಶುರು ಮಾಡಿದ್ರೆ ದೂಳು ಏಳತ್ತೆ, ದೂಳಿಗೆ ಕೆಮ್ಮು, ಕೆಮ್ಮಿದ್ರೆ ಎದೆ ನೋವು. ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡಿ ಕೂರಿಸಿ.

ಆರು ಗಂಟೆಗೆ ಹೊರಡೋ ಅಭ್ಯಾಸ ಈ ಸಲ ಬಿಡಿ. ಚಳಿಗೆ ರಕ್ತನಾಳ ಬಿಗಿಯಾಗತ್ತೆ, ಬಿಪಿ ಏರತ್ತೆ, ಬೆಳಗಿನ ಜಾವ ಮೊದಲೇ ಹೃದಯಕ್ಕೆ ಒತ್ತಡದ ಹೊತ್ತು. ಎಂಟಕ್ಕೆ ಕೂತು ಒಂಬತ್ತೂವರೆಗೆ ಎದ್ರೆ ಸಾಕು. ಜನವರಿ ಮಂಜಲ್ಲಿ ಹಕ್ಕಿಗಳೂ ಬಿಸಿಲು ಕಾಯ್ತಾ ತಡವಾಗೇ ಚುರುಕಾಗ್ತವೆ, ಕಳ್ಕೊಳ್ಳೋದೇನೂ ಇಲ್ಲ. ಕಿವಿಗೆ ಟೋಪಿ, ಮೂಗು ಬಾಯಿಗೆ ಮಫ್ಲರ್.

ಈಗ ಬೈನಾಕ್ಯುಲರ್. ಭಾವನ ಹತ್ರ ಇರೋದು ಎಂಟು ನಲವತ್ತೆರಡರದ್ದು, ಅಂದ್ರೆ ಎಂಟು ಪಟ್ಟು ದೊಡ್ಡದು ಮಾಡೋ, ನಲವತ್ತೆರಡು ಮಿ.ಮೀ. ಲೆನ್ಸಿಂದು, ಅಂಥದ್ದು ಸುಮಾರು ಮುಕ್ಕಾಲು ಕೆಜಿ ತೂಗತ್ತೆ. ತೂಕ ದೊಡ್ಡದಲ್ಲ. ಈಗ ಎರಡು ಮೂರು ಕೆಜಿವರೆಗೆ ಎತ್ತೋಕೆ ಬಿಡ್ತಾರೆ. ತೊಂದರೆ ಮೂರು ಕಡೆ ಇದೆ. ಒಂದು, ಕುತ್ತಿಗೆ ಪಟ್ಟಿಲಿ ನೇತಾಡಿ ಅದು ಬಡಿಯೋದು ಸರಿಯಾಗಿ ಹೊಲಿಗೆ ಮೇಲೆ. ಎರಡೂ ಭುಜಕ್ಕೆ ಬರೋ ಪಟ್ಟಿ, ಹಾರ್ನೆಸ್, ಹಾಕಿದ್ರೆ ಆಗಲ್ವಾ ಅಂತ ಹುಡುಗರು ಕೇಳ್ತಾರೆ. ಭುಜಕ್ಕೆ ಒಳ್ಳೇದೇ, ಆದ್ರೆ ಹಾಕ್ಕೊಳ್ಳೋಕೆ ಎರಡೂ ಕೈ ಬೆನ್ನ ಹಿಂದಕ್ಕೆ ಹೋಗ್ಬೇಕು, ಅದು ಎದೆಯನ್ನ ಎರಡು ಕಡೆಗೆ ಎಳೆಯತ್ತೆ. ಎರಡನೇದು, ಕೈ ಎತ್ತಿ ಹಿಡಿದೇ ಇರೋದು. ಕಾಲಿನ ಕೆಲಸಕ್ಕಿಂತ ಕೈ ಎತ್ತಿ ಹಿಡಿಯೋ ಕೆಲಸಕ್ಕೆ ನಾಡಿ, ಬಿಪಿ ಎರಡೂ ಬೇಗ ಏರತ್ತೆ. ಮರಕುಟಿಗ ಕಾಂಡದ ಆ ಕಡೆಯಿಂದ ಈ ಕಡೆಗೆ ಬರ್ಲಿ ಅಂತ ಉಸಿರು ಹಿಡಿದು ಎರಡು ನಿಮಿಷ ಕಾಯ್ತೀವಲ್ಲ, ಅದೇ. ಉಸಿರು ಹಿಡಿಯೋದು ಮೂರನೇ ತಪ್ಪು.

ಅದಕ್ಕೆ ದಾರಿ ಸುಲಭ ಇದೆ. ಕೈ ಇರೋ ಕುರ್ಚಿ, ಮುಂದೆ ಒಂದು ಮೇಜು. ಮೇಜಿನ ಮೇಲೆ ಮಡಚಿದ ಕಂಬಳಿ, ಅದರ ಮೇಲೆ ಎರಡೂ ಮೊಣಕೈ. ಬೈನಾಕ್ಯುಲರ್ ಮೇಜಿನ ಮೇಲೇ ಇರ್ಲಿ, ಕುತ್ತಿಗೆಗೆ ಬೇಡ. ಮೊಣಕೈ ಊರಿಯೇ ನೋಡೋದು, ಒಂದು ಸಲಕ್ಕೆ ಅರ್ಧ ನಿಮಿಷ, ಆಮೇಲೆ ಕೆಳಗಿಡೋದು. ಬಳಗದಲ್ಲಿ ಸ್ಪಾಟಿಂಗ್ ಸ್ಕೋಪ್, ಅದೇ ಒಂದೇ ಕಣ್ಣಲ್ಲಿ ನೋಡೋ ದೂರದರ್ಶಕ, ಇದ್ರೆ ಅದನ್ನ ಟ್ರೈಪಾಡ್ ಮೇಲೆ, ಭಾವ ಕೂತಾಗ ಕಣ್ಣಿಗೆ ಬರೋ ಎತ್ತರಕ್ಕೆ ಇಳಿಸಿ ನಿಲ್ಲಿಸಿ. ಉಳಿದವರು ಬಗ್ಗಿ ನೋಡ್ಲಿ. ಟ್ರೈಪಾಡ್ ಸಮೇತ ಮೂರು ನಾಲ್ಕು ಕೆಜಿ ಆಗತ್ತೆ, ಅದನ್ನ ಎತ್ತೋದು, ತಿರುಗಿಸೋದು ಬೇರೆಯವರ ಕೆಲಸ. ದೊಡ್ಡ ಲೆನ್ಸಿನ ಕ್ಯಾಮೆರಾ ಬೀರುವಲ್ಲೇ ಇರ್ಲಿ. ಬೀಗದ ಕೈ ನಿನ್ನ ಹತ್ರ.

ಕುರ್ಚಿ ದೂರ ಹಾಕಿ ಅಂದೆನಲ್ಲ, ಅದು ಕುತ್ತಿಗೆಗೋಸ್ಕರ. ಮರದ ಬುಡದಲ್ಲಿ ನಿಂತು ನೆತ್ತಿ ನೋಡಿದ್ರೆ ತಲೆ ಪೂರ್ತಿ ಹಿಂದಕ್ಕೆ ವಾಲತ್ತೆ. ಬಿಪಿ ಮಾತ್ರೆ ತಿನ್ನೋರಿಗೆ ಆಗ ತಲೆ ತಿರುಗೋದು ಸಾಮಾನ್ಯ. ದೂರದಿಂದ ನೋಡಿದ್ರೆ ಅದೇ ಕೊಂಬೆ ತಲೆ ಸ್ವಲ್ಪವೇ ಎತ್ತಿದ್ರೂ ಕಾಣತ್ತೆ. ಅರ್ಧ ಗಂಟೆ ಕೂತು ಏಳೋವಾಗಲೂ ಅಷ್ಟೆ: ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಎದ್ದು, ಕುರ್ಚಿ ಹತ್ರವೇ ಹತ್ತು ಎಣಿಸೋವರೆಗೆ ನಿಂತು, ಆಮೇಲೆ ಹೆಜ್ಜೆ. ಕೂರೋವಾಗ, ಬೈಪಾಸಿಗೆ ಅಂತ ರಕ್ತನಾಳ ತೆಗೆದಿರೋ ಆ ಎಡಗಾಲನ್ನ ಒಂದು ಸ್ಟೂಲ್ ಮೇಲೆ ಇಡ್ಲಿ, ಇಲ್ಲಾಂದ್ರೆ ಸಾಯಂಕಾಲಕ್ಕೆ ಊದಿಕೊಳ್ಳತ್ತೆ.

ನಡಿಗೆ ಬೇಡ ಅಂತಲ್ಲ. ಈಗ ಮನೇಲಿ ದಿನಕ್ಕೆ ಎರಡು ಸಲ, ಒಂದೊಂದ್ಸಲ ಹದಿನೈದು ಇಪ್ಪತ್ತು ನಿಮಿಷ ನಡೀತಿದ್ದಾರೆ ಅಂದ್ಯಲ್ಲ, ಸರಿ ಇದೆ. ಆ ದಿನದ ಒಂದು ಸುತ್ತನ್ನ ಕಣದಲ್ಲೇ ಮುಗಿಸ್ಲಿ. ಹಕ್ಕಿ ನಡಿಗೆ ಅಂದ್ರೆ ನಿಂತು ನಿಂತು ಹೋಗೋದಲ್ವಾ, ಅದಕ್ಕೂ ಇದಕ್ಕೂ ಲೆಕ್ಕ ಬೇರೆ. ಮೊದಲ ಐದು ನಿಮಿಷ ನಿಧಾನ, ಮಧ್ಯೆ ಸ್ವಲ್ಪ ಬಿರುಸು, ಕೊನೇ ಐದು ನಿಮಿಷ ಮತ್ತೆ ನಿಧಾನ. ತಿಂಡಿ ತಿಂದು ಒಂದು ಗಂಟೆ ಆಗಿರ್ಬೇಕು.

ಇಲ್ಲಿ ಬಳಗದವರು ಒಂದು ವಿಷಯ ಸೂಕ್ಷ್ಮವಾಗಿ ಗಮನಿಸ್ಬೇಕು. ದಣಿವು ಅಳೆಯೋಕೆ ನಾವು ಹೇಳೋ ಸೂತ್ರ, ನಡೀತಾ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು ಅನ್ನೋದು. ಹಕ್ಕಿ ನೋಡೋರು ಮಾತೇ ಆಡಲ್ಲ, ಪಿಸುಗುಟ್ತಾರೆ. ಏದುಸಿರು ಬಂದಿದ್ರೂ ಯಾರಿಗೂ ಗೊತ್ತಾಗಲ್ಲ. ಅದಕ್ಕೆ ಜೊತೇಲಿ ನಡೆಯೋರು ಐದು ನಿಮಿಷಕ್ಕೊಂದ್ಸಲ "ಇದುವರೆಗೆ ಏನೇನು ಕಂಡ್ವು?" ಅಂತ ಕೇಳ್ಲಿ. "ಎರಡು ಮಡಿವಾಳ, ಆರು ಕೆಮ್ಮೀಸೆ ಪಿಕಳಾರ, ಒಂದು ಕೆಂಬೂತ" ಅಂತ ಒಂದೇ ಉಸಿರಲ್ಲಿ ಬಂದ್ರೆ ಸರಿ. ಪಿಕಳಾರದ ಹತ್ರವೇ ನಿಂತು ಉಸಿರು ಎಳ್ಕೊಂಡ್ರೆ ಕೂರಿಸಿ. ಕೈಗೆ ಕಟ್ಟೋ ಸ್ಮಾರ್ಟ್ ವಾಚ್ ನಂಬ್ಬೇಡಿ, ಭಾವ ತಗೋತಿರೋ ಮೆಟೊಪ್ರೊಲಾಲ್ ನಾಡಿಯನ್ನ ಏರೋಕೇ ಬಿಡಲ್ಲ. ವಾಚು ತೊಂಬತ್ತು ತೋರಿಸ್ತಿರತ್ತೆ, ಮನುಷ್ಯ ಬಳಲಿರ್ತಾನೆ.

ಅದೇ ಮಾತ್ರೆಯಿಂದ ಇನ್ನೊಂದು. ಭಾವನಿಗೆ ಶುಗರ್ ಇದೆ. ಶುಗರ್ ಇಳಿದಾಗ ಬರೋ ನಡುಕ, ಎದೆ ಹೊಡ್ಕೊಳ್ಳೋದು ಈ ಮಾತ್ರೆಯಿಂದ ಮರೆಯಾಗಿಬಿಡತ್ತೆ. ಬೆವರೊಂದು ಮಾತ್ರ ಉಳಿಯತ್ತೆ. ಚಳೀಲಿ ಕೂತಿರೋರು ಸುಮ್ ಸುಮ್ನೆ ಬೆವರಿದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಟ್ಟು, ಹದಿನೈದು ನಿಮಿಷಕ್ಕೆ ಮೀಟರಲ್ಲಿ ನೋಡಿ. ಸಕ್ಕರೆ ಕೊಟ್ಟ ಮೇಲೂ ಬೆವರು ನಿಲ್ಲದೆ ಎದೆ ಬಿಗಿ ಅಂದ್ರೆ ಅದು ಹೃದಯದ್ದು ಅಂತಲೇ ತಿಳ್ಕೊಳ್ಳಿ.

ನೀರಿನ ಮಾತ್ರೆ, ಅದೇ ಉಚ್ಚೆ ಜಾಸ್ತಿ ಮಾಡೋದು, ಅದನ್ನ "ಹೊರಗೆ ಹೋಗ್ತೀನಲ್ಲ, ಇವತ್ತು ಬೇಡ" ಅಂತ ಭಾವ ಬಿಡೋದು ಗ್ಯಾರಂಟಿ. ಬಿಡೋಕೆ ಬಿಡ್ಬೇಡ. ಟಾಯ್ಲೆಟ್ ಇರೋ ಜಾಗವೇ ಬೇಕು ಅಂದಿದ್ದು ಇದಕ್ಕೇ. ಹೊತ್ತು ಬದಲಾಯಿಸ್ಬೋದಾ ಅಂತ ಡಾಕ್ಟ್ರಿಗೆ ಫೋನ್ ಮಾಡಿ ಕೇಳು. ದಿನಾ ಬೆಳಿಗ್ಗೆ ತೂಕ ನೋಡ್ತಿದ್ದೀಯಲ್ಲ, ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಅದು ಊಟದ ತೂಕ ಅಲ್ಲ, ಮೈಯಲ್ಲಿ ನಿಂತ ನೀರು. ಅವತ್ತು ಹೋಗೋದು ಆಸ್ಪತ್ರೆಗೆ. ಕೆಮ್ಮಿದಾಗ ಎದೆಮೂಳೆ ಟಕ್ ಅಂತ ಅಲುಗಿದ್ರೆ, ಗಾಯದಿಂದ ನೀರು ಕೀವು ಬಂದ್ರೆ, ನೂರು ದಾಟಿ ಜ್ವರ ಬಂದ್ರೆ, ಎದೆ ತಾಳ ತಪ್ಪಿ ಹೊಡ್ಕೊಂಡ್ರೆ, ಆಗಲೂ ಅಷ್ಟೆ.

ನೋವು ಬಂದ್ರೆ ಏನು ಮಾಡ್ಬೇಕು ಅಂತ ಬಳಗದಲ್ಲಿ ಇಬ್ಬರಿಗಾದ್ರೂ ಬಾಯಿಪಾಠ ಇರ್ಲಿ. ಮೊದಲು ಕೂರಿಸೋದು. ಕೂತ ಮೇಲೆ, ಡಾಕ್ಟ್ರು ಕೊಟ್ಟಿರೋ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ನಾಲಿಗೆ ಕೆಳಗೆ. ನಿಂತಲ್ಲೇ ಇಟ್ರೆ ಬಿಪಿ ಇಳಿದು ಬೀಳ್ತಾರೆ. ಐದು ನಿಮಿಷಕ್ಕೆ ಕಡಿಮೆ ಆಗ್ಲಿಲ್ಲ ಅಂದ್ರೆ 108. ಆ ಮಾತ್ರೆ ಪಟ್ಟಿ ಭಾವನ ಅಂಗಿ ಜೇಬಲ್ಲಿರ್ಬೇಕು, ಕಾರಿನ ಡ್ಯಾಶ್‌ಬೋರ್ಡಲ್ಲಿ ಅಲ್ಲ. ತೋಟದಲ್ಲಿ ಯಾವ ಸಿಮ್ಮಿಗೆ ಎಲ್ಲಿ ಸಿಗ್ನಲ್ ಸಿಗತ್ತೆ ಅಂತ ಹೋದ ಕೂಡ್ಲೇ ನೋಡ್ಕೊಳ್ಳಿ. ಎಸ್ಟೇಟ್ ಹೆಸರು, ಮೇನ್ ರೋಡಿಂದ ಎಷ್ಟನೇ ಗೇಟು ಅನ್ನೋದನ್ನ ಬರೆದಿಟ್ಕೊಳ್ಳಿ. ಗಾಬರೀಲಿ ದಾರಿ ಹೇಳೋಕೆ ಯಾರಿಗೂ ಬರಲ್ಲ.

ಬೈಪಾಸ್ ಆದೋರು ಕೆಲವು ವಾರ ಮಂಕಾಗಿರೋದು, ಮರೆವು, ಸಣ್ಣದಕ್ಕೂ ಕಣ್ಣೀರು, ಇದೆಲ್ಲ ಅಪರೂಪ ಅಲ್ಲ. ಹಕ್ಕಿ ಹೆಸರು ನಾಲಿಗೆ ತುದೀಲಿ ಇದ್ದೂ ಬರ್ತಿಲ್ಲ ಅಂತ ಭಾವ ಸಿಟ್ಟು ಮಾಡ್ಕೋತಾರೆ ಅಂದ್ಯಲ್ಲ, ಅದೇ ಇದು. ಬಳಗದವರು ತಟ್ಟನೆ ಹೆಸರು ಹೇಳ್ಬೇಡಿ, ಹತ್ತು ಸೆಕೆಂಡ್ ಕಾಯಿರಿ. "ನೀವು ಆರಾಮಾಗಿ ಕೂತಿರಿ ಸಾರ್" ಅನ್ನೋ ಮಾತು ಬೇಡ, ಕೆಲಸ ಕೊಡಿ. ಪಟ್ಟಿ ಬರೆಯೋದು ಅವರದ್ದು. ಹಕ್ಕಿ ಪಟ್ಟಿ ಹಾಕೋ ಇಬರ್ಡ್ ಆ್ಯಪಲ್ಲಿ ಒಂದೇ ಕಡೆ ಕೂತು ಎಣಿಸೋ ಕ್ರಮ ಇದೆ: ಹದಿನೈದು ನಿಮಿಷ, ಕಂಡಿದ್ದು ಕೇಳಿದ್ದು ಎಲ್ಲ, ಸಂಖ್ಯೆ ಸಮೇತ. ಮನೆ ಜಗುಲೀಲೂ ದಿನಾ ಒಂದು ಮಾಡ್ಬೋದು. ಬಳಗದಲ್ಲಿ ಒಬ್ಬರು ಅದೇ ಹೊತ್ತಿಗೆ ಅವರ ಮನೇಲಿ ಎಣಿಸಿ ಪಟ್ಟಿ ಕಳಿಸ್ಲಿ, "ಬೇಗ ಹುಷಾರಾಗಿ" ಅನ್ನೋ ಹೂಗುಚ್ಛದ ಫೋಟೋಗಿಂತ ಅದು ಮೇಲು. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನೋ ಹಕ್ಕಿ ಎಣಿಕೆ ಬರತ್ತೆ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, 2013ರಿಂದ ನಮ್ಮಲ್ಲೂ ನಡೀತಿದೆ. ಅದರಲ್ಲೂ ಕನಿಷ್ಠ ಹದಿನೈದು ನಿಮಿಷವೇ. ಅಷ್ಟೊತ್ತಿಗೆ ಭಾವನಿಗೆ ಒಂಬತ್ತು ವಾರ ಆಗಿರತ್ತೆ, ಗುರಿ ಇಟ್ಕೊಳ್ಳೋಕೆ ಸರಿ ಹೋಗತ್ತೆ. ಆದ್ರೆ ಮಂಕು ಎರಡು ವಾರ ಬಿಡದೆ ಇದ್ರೆ, ನಿದ್ದೆ ಊಟ ಎರಡೂ ಕೆಟ್ರೆ, ಬಳಗದಿಂದ ವಾಸಿ ಆಗೋದಲ್ಲ ಅದು. ಡಾಕ್ಟ್ರಿಗೆ ಹೇಳು, ಇಲ್ಲ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ತಿಂಡಿ ವಿಷಯ ಚಿಕ್ಕದಾಗಿ: ಡಾಕ್ಟ್ರು ಬೇಡ ಅಂದಿಲ್ಲ ಅಂದ್ರೆ ಒಂದು ಲೋಟ ಕಾಫಿಗೆ ತಕರಾರಿಲ್ಲ. ಅದರ ಜೊತೆ ಬರೋ ಬೋಂಡ, ಉಪ್ಪಿನಕಾಯಿ, ಚಿಪ್ಸ್ ಪ್ಯಾಕೆಟ್ಟು ಇವೇ ತೊಂದರೆ. ಉಪ್ಪು ಮೈಯಲ್ಲಿ ನೀರು ಹಿಡಿಸತ್ತೆ.

ಕಾಡಿಗೆ ಯಾವಾಗ ಅಂತ ಭಾವ ಕೇಳೇ ಕೇಳ್ತಾರೆ. ಮೂರು ತಿಂಗಳು ಕಳೆದು, ಡಾಕ್ಟ್ರು ನೋಡಿ ಹೂಂ ಅಂದ ಮೇಲೆ. ಮುಳ್ಳಯ್ಯನಗಿರಿಗೆ 1930 ಮೀಟರ್ ಎತ್ತರ ಅಂತ ಎಲ್ರೂ ಹೆದರಿಸ್ತಾರೆ. ಎತ್ತರಕ್ಕಿಂತ ಅಲ್ಲಿನ ಮೆಟ್ಟಿಲು, ಎದುರು ಗಾಳಿ ಎರಡೂ ಕಷ್ಟ. ಅದು ಎಲ್ಲಕ್ಕಿಂತ ಕೊನೇಲಿ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಬೇಸಿಗೆ ಮುಗಿಯೋವರೆಗೂ ಉಣ್ಣೆ ಹುಳದ (ಉಣುಗು) ಕಾಟ, ಅದು ಕಚ್ಚಿ ಬರೋ ಮಂಗನ ಕಾಯಿಲೆ ಭಯ. ಹೋಗಲೇಬೇಕಾದ್ರೆ ಆರೋಗ್ಯ ಇಲಾಖೆಯವರು ಕೊಡೋ, ಉಣ್ಣೆ ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆ ಹಚ್ಕೊಂಡೇ ಹೋಗ್ಬೇಕು. ಜ್ವರ, ಮೈಕೈ ನೋವು ಅಂತ ಮೆಡಿಕಲ್ ಶಾಪಲ್ಲಿ ಡೈಕ್ಲೋಫೆನಾಕ್, ಬ್ರೂಫೆನ್ ತಗೊಂಡು ನುಂಗೋ ಹಾಗಿಲ್ಲ, ಬೈಪಾಸ್ ಆದೋರಿಗೆ ಅದು ಕೆಟ್ಟದ್ದು. ಪ್ಯಾರಾಸಿಟಮಾಲ್ ಒಂದೇ.

ಮಳೆಗಾಲದ ಜಿಗಣೆಯದ್ದು ಇನ್ನೊಂದು ರಗಳೆ. ಭಾವ ತಿನ್ನೋ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ, ಜಿಗಣೆ ಬಾಯಿಂದ ಬರೋದೂ ಅದೇ ಕೆಲಸ ಮಾಡತ್ತೆ. ನಮಗಿಂತ ಅವರಿಗೆ ತುಂಬಾ ಹೊತ್ತು ಒಸರತ್ತೆ. ಸುಣ್ಣ, ಹೊಗೆಸೊಪ್ಪು, ಬೆಂಕಿಕಡ್ಡಿ ಬೇಡ, ಜಿಗಣೆ ಹೊಟ್ಟೇಲಿರೋದನ್ನ ಗಾಯಕ್ಕೇ ಕಕ್ಕತ್ತೆ. ಉಗುರನ್ನ ಚರ್ಮಕ್ಕೆ ಒತ್ತಿ ಅದರ ಬಾಯಿ ಕೆಳಗೆ ಸರಿಸಿ ಬಿಡಿಸೋದು. ಸೋಪು ನೀರಲ್ಲಿ ತೊಳೆದು, ಶುದ್ಧ ಬಟ್ಟೆ ಇಟ್ಟು ಇಪ್ಪತ್ತು ನಿಮಿಷ ಒತ್ತಿ ಹಿಡಿಯೋದು, ಮಧ್ಯೆ ತೆಗೆದು ಇಣುಕಬಾರದು. ರಕ್ತ ಬಂತು ಅಂತ ಮಾತ್ರೆ ನಿಲ್ಲಿಸೋದಂತೂ ಕೂಡ್ದೇ ಕೂಡ್ದು. ಜಿಗಣೆ ಸಾಕ್ಸಿನ ಎಲಾಸ್ಟಿಕ್ಕು ಎಡಗಾಲಿಗೆ ಸಡಿಲ ಇರ್ಬೇಕು. ಇರ್ಲಿ, ಜೂನಿಗೆ ಇನ್ನೂ ಹೊತ್ತಿದೆ.

ನಾಳೆ ಡಿಸ್ಚಾರ್ಜ್ ಪೇಪರ್ ಫೋಟೋ ತೆಗೆದು ನಂಗೆ ಕಳಿಸು. ಸರ್ಜನ್ ಬೇರೆ ಏನಾದ್ರೂ ಬರೆದಿದ್ರೆ ನಾನು ಹೇಳಿದ್ದು ಬಿಟ್ಟು ಅದನ್ನೇ ಮಾಡು. ಭಾನುವಾರ ಏಳೂವರೆಗೆ ಕಾರು ಗೇಟ್ ಹತ್ರ ಇರತ್ತೆ. ಇಡ್ಲಿ ಆರೂವರೆಗೇ ತಿನ್ಸು. ದಿಂಬು, ಕಂಬಳಿ, ಜೇಬಲ್ಲಿ ಮಾತ್ರೆ. ಬೈನಾಕ್ಯುಲರ್ ನೀನೇ ಕಾರಲ್ಲಿಡು, ಅವರ ಕೊರಳಿಗೆ ಹಾಕ್ಬೇಡ.