ವರದಿಯಲ್ಲಿ ‘ಮಿದುಳಿನ ರಕ್ತನಾಳಗಳ ವರ್ತುಲ ಅಪೂರ್ಣ’ ಎಂದಿದೆ. ನನ್ನ ಅರೆತಲೆನೋವಿಗೆ ಇದೇ ಕಾರಣವೇ?

ಕಪ್ಪುಹಲಗೆ, ದಾವಣಗೆರೆ:

ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಾಲೇಜಿನ ದಿನಗಳಿಂದಲೂ ಅರೆತಲೆನೋವು ಇದೆ. ಅದು ಬರುವ ಮೊದಲು ಕಣ್ಣಿಗೆ ಏನೋ ಆಗುತ್ತದೆ. ಹಲಗೆಯ ಮೇಲೆ ಸಮೀಕರಣ ಬರೆಯುತ್ತಿದ್ದರೆ ಸಮ ಚಿಹ್ನೆಯ ಬಲಗಡೆ ಬರೆದದ್ದು ಕಾಣಿಸುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಅಲ್ಲೇ ಮಿರಮಿರ ಹೊಳೆಯುವ ಅಂಕುಡೊಂಕು ಗೆರೆಯೊಂದು ಮೂಡಿ, ದೊಡ್ಡದಾಗುತ್ತ ಅಂಚಿಗೆ ಸರಿದು ಮಾಯವಾಗುತ್ತದೆ. ಪೀರಿಯಡ್ ಮುಗಿಯುವ ಹೊತ್ತಿಗೆ ತಲೆಯ ಎಡಭಾಗ ಸಿಡಿಯಲು ಶುರು. ಬಿಸಿಲು, ಹೊತ್ತು ಮೀರಿದ ಊಟ, ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಮೆಣಸಿನಕಾಯಿ ಕರಿಯುವ ಘಾಟು, ಯಾವುದಾದರೂ ಒಂದು ಸಾಕು. ದಾವಣಗೆರೆಯಲ್ಲಿದ್ದುಕೊಂಡು ಮಿರ್ಚಿಯ ಘಾಟಿನಿಂದ ತಪ್ಪಿಸಿಕೊಳ್ಳುವುದು ಹೇಗೆ, ನೀವೇ ಹೇಳಿ.

ಈ ಬೇಸಿಗೆಯಲ್ಲಿ ನೋವು ಹೆಚ್ಚಾದಾಗ ವೈದ್ಯರು ಎಂಆರ್‌ಐ ಮತ್ತು ರಕ್ತನಾಳಗಳ ಆಂಜಿಯೋ ಮಾಡಿಸಲು ಹೇಳಿದರು. ಮಿದುಳು ಸರಿಯಾಗಿದೆಯಂತೆ. ಕೊನೆಯಲ್ಲಿ ಮಾತ್ರ ‘ಬಲಗಡೆಯ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಅಪಧಮನಿ ಕಾಣಿಸುತ್ತಿಲ್ಲ, ಎಡಗಡೆ ಫೀಟಲ್ ಮಾದರಿಯ ಪಿಸಿಎ, ಸರ್ಕಲ್ ಆಫ್ ವಿಲ್ಲಿಸ್ ಅಪೂರ್ಣ’ ಎಂದು ಬರೆದಿದ್ದಾರೆ. ವರದಿ ಕೈಗಿಟ್ಟವರು “ತಲೆಯಲ್ಲಿ ಒಂದು ನರವೇ ಇಲ್ಲವಂತೆ ಮೇಡಂ” ಎಂದುಬಿಟ್ಟರು. ಇಷ್ಟು ವರ್ಷ ಎಲ್ಲವನ್ನೂ ಪಿತ್ತ ಎನ್ನುತ್ತಿದ್ದ ಅತ್ತೆಯವರೂ ಈಗ ಬಾಯಿ ಬಿಡುತ್ತಿಲ್ಲ. ವೈದ್ಯರು ಸಿಗುವುದು ಮುಂದಿನ ವಾರ. ನೋವಿಗೆ ಇದೇ ಕಾರಣವೇ? ಸ್ಟೆಂಟ್ ಹಾಕಬಹುದೇ? ಪಾರ್ಶ್ವವಾಯು ಬರುತ್ತದೆಯೇ?

ಚಂದ್ರವಳ್ಳಿ, ಚಿತ್ರದುರ್ಗ:

ನಮ್ಮ ಚಿಕ್ಕಪ್ಪನವರಿಗೆ ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದರು, ಈಗ ಓಡಾಡಿಕೊಂಡಿದ್ದಾರೆ. ಮುಂದಿನ ವಾರದವರೆಗೆ ಕಾಯಬೇಡಿ ಅಕ್ಕ, ಹೊರಟುಬಿಡಿ. ಅಲ್ಲಿಯವರೆಗೆ ಶುಂಠಿ ಅರೆದು ಹಣೆಗೆ ಹಚ್ಚಿಕೊಳ್ಳಿ.

ನೆರಳುಚಿತ್ರ, ದಾವಣಗೆರೆ:

ಚಂದ್ರವಳ್ಳಿಯವರೇ, ಕಟ್ಟಿಕೊಂಡ ನಾಳ ಬೇರೆ, ಹುಟ್ಟಿನಿಂದಲೇ ಸಣ್ಣದಾಗಿರುವ ನಾಳ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಶುಂಠಿಗೆ ನನ್ನ ತಕರಾರಿಲ್ಲ.

ಮೇಡಂ, ಇಂಥ ಚಿತ್ರಗಳನ್ನು ಓದಿ ವರದಿ ಬರೆಯುವುದೇ ನನ್ನ ಕೆಲಸ. ಮೊದಲಿಗೆ, ಅದು ನರವಲ್ಲ, ರಕ್ತನಾಳ. ಕುತ್ತಿಗೆಯ ಮುಂಭಾಗದಿಂದ ಎರಡು, ಹಿಂಭಾಗದಿಂದ ಎರಡು ಅಪಧಮನಿಗಳು ಮಿದುಳಿಗೆ ಏರುತ್ತವೆ. ಮಿದುಳಿನ ಬುಡದಲ್ಲಿ ಸಣ್ಣ ಕೊಂಡಿನಾಳಗಳು ಇವನ್ನು ಬೆಸೆದು ಒಂದು ವರ್ತುಲ ಮಾಡುತ್ತವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರಿಸಿದ. ಚಿತ್ರ ಬರೆದುಕೊಟ್ಟವನು ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿಸಿದ ಕ್ರಿಸ್ಟೋಫರ್ ರೆನ್. ಆ ಚಿತ್ರದಲ್ಲಿರುವಷ್ಟು ಅಚ್ಚುಕಟ್ಟಾದ ವರ್ತುಲ ನನ್ನ ಮೇಜಿಗೆ ಬರುವುದು ಅಪರೂಪ.

ಭದ್ರಾ ನಾಲೆಯ ಎರಡು ಉಪನಾಲೆಗಳ ನಡುವೆ ಒಂದು ಅಡ್ಡಗಾಲುವೆ ಇದೆ ಎಂದುಕೊಳ್ಳಿ. ಎರಡರಲ್ಲೂ ನೀರು ಹರಿಯುತ್ತಿರುವಾಗ ಅಡ್ಡಗಾಲುವೆ ಸಣ್ಣದಿದ್ದರೂ ಗದ್ದೆ ಒಣಗುವುದಿಲ್ಲ. ನಿಮ್ಮ ಬಲಗಡೆಯದು ಅಂಥ ಅಡ್ಡಗಾಲುವೆ. ಅದು ಪೂರ್ತಿ ಇಲ್ಲವೆಂದೂ ಹೇಳಲಾಗದು. ಬಣ್ಣದ ಔಷಧಿ ಚುಚ್ಚದೆ ತೆಗೆಯುವ ಎಂಆರ್ ಆಂಜಿಯೋದಲ್ಲಿ ಕಾಣುವುದು ಹರಿಯುವ ರಕ್ತ. ತೀರಾ ತೆಳುವಾದ, ನಿಧಾನವಾಗಿ ಹರಿಯುವ ನಾಳ ಅದರಲ್ಲಿ ಮೂಡುವುದಿಲ್ಲ. ಇನ್ನು ಎಡಗಡೆಯ ಪಿಸಿಎ, ಅಂದರೆ ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳ: ಗರ್ಭದಲ್ಲಿದ್ದಾಗ ಎಲ್ಲರಿಗೂ ಮಿದುಳಿನ ಹಿಂಭಾಗಕ್ಕೆ ಮುಂದಿನ ನಾಳದಿಂದಲೇ ರಕ್ತ ಹೋಗುತ್ತದೆ. ಆಮೇಲೆ ಸಾಮಾನ್ಯವಾಗಿ ಆ ಹೊಣೆಯನ್ನು ಹಿಂದಿನ ನಾಳ ವಹಿಸಿಕೊಳ್ಳುತ್ತದೆ. ನಿಮ್ಮಲ್ಲಿ ಗರ್ಭದ ಕಾಲದ ಹಳೆಯ ವ್ಯವಸ್ಥೆಯೇ ಉಳಿದಿದೆ, ‘ಫೀಟಲ್’ ಎಂದರೆ ಅಷ್ಟೇ. ಸ್ಟೆಂಟ್ ಹಾಕಲು ಅಲ್ಲಿ ಏನೂ ಇಲ್ಲ.

ಅರೆತಲೆನೋವಿಗೂ ಇದಕ್ಕೂ ನಂಟೇ ಇಲ್ಲವೇ ಎಂದರೆ, ಇದ್ದಂತಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2013ರಲ್ಲಿ 170 ಜನರ ಅಧ್ಯಯನ ಪ್ರಕಟಿಸಿದರು. ನಿಮ್ಮಂತೆ ಮುನ್ಸೂಚನೆಯೊಂದಿಗೆ ಅರೆತಲೆನೋವು ಬರುವವರಲ್ಲಿ ಶೇ. 73, ಮುನ್ಸೂಚನೆ ಇಲ್ಲದ ಅರೆತಲೆನೋವಿನವರಲ್ಲಿ ಶೇ. 67, ಈ ನೋವೇ ಇಲ್ಲದವರಲ್ಲಿ ಶೇ. 51 ಮಂದಿಗೆ ವರ್ತುಲ ಅಪೂರ್ಣವಾಗಿತ್ತು. ಗಣಿತದವರು ನೀವು, ಕೊನೆಯ ಅಂಕಿಯನ್ನು ಗಮನಿಸಿ. ತಲೆನೋವಿನ ಗೊಡವೆಯಿಲ್ಲದವರಲ್ಲೂ ಅರ್ಧದಷ್ಟು ಜನರಿಗೆ ಇದು ಇರುವಾಗ, ಇದೊಂದೇ ಕಾರಣ ಎನ್ನುವುದು ಹೇಗೆ? ರಕ್ತದ ಹರಿವು ಎಲ್ಲ ಕಡೆ ಸಮನಾಗಿಲ್ಲದಿದ್ದರೆ ಮಿದುಳು ಬೇಗ ಕೆರಳಬಹುದು ಎಂಬುದು ಅವರ ಊಹೆ. ಊಹೆಯಾಗಿಯೇ ಇರಲಿ.

ನೀವು ಹಲಗೆಯ ಮೇಲೆ ಕಾಣುವ ಗೆರೆಯ ಕಥೆ ಇನ್ನೂ ಸ್ವಾರಸ್ಯದ್ದು. ಕಾರ್ಲ್ ಲ್ಯಾಶ್ಲಿ ಎಂಬ ಮನೋವಿಜ್ಞಾನಿ ತನಗೆ ಕಾಣುತ್ತಿದ್ದ ಇಂಥದೇ ಗೆರೆಯನ್ನು ಕಾಗದದ ಮೇಲೆ ಗುರುತಿಸಿ ಲೆಕ್ಕ ಹಾಕಿದ: ಮಿದುಳಿನ ದೃಷ್ಟಿಭಾಗದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿ.ಮೀ. ವೇಗದಲ್ಲಿ ಸರಿಯುತ್ತಿದೆ ಎಂದು. ಅದು 1941ರಲ್ಲಿ. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡೀಸ್ ಲಿಯಾವೊ ಹೆಚ್ಚುಕಡಿಮೆ ಅದೇ ವೇಗದ ಅಲೆಯೊಂದನ್ನು ಮೊಲಗಳ ಮಿದುಳಿನಲ್ಲಿ ಕಂಡ. ನಿಮಗೆ ಬಲಗಡೆ ಮಸುಕಾದಾಗ ಆ ಅಲೆ ಸಾಗುತ್ತಿರುವುದು ಎಡ ಮಿದುಳಿನ ಹಿಂಬದಿಯಲ್ಲಿ. ಫೀಟಲ್ ನಾಳವೂ ಎಡಗಡೆಯೇ ಇದೆಯಲ್ಲ ಎನ್ನುತ್ತೀರಿ. ಒಬ್ಬರ ಚಿತ್ರ ನೋಡಿ ಹಾಗೆ ಗಂಟು ಹಾಕಲು ನಾನು ಒಪ್ಪುವುದಿಲ್ಲ.

ಪಾರ್ಶ್ವವಾಯುವಿನ ವಿಚಾರ. ಮುನ್ಸೂಚನೆಯ ಅರೆತಲೆನೋವಿನಲ್ಲಿ ಆ ಅಪಾಯ ಸುಮಾರು ಎರಡರಷ್ಟು. ಆದರೆ ನಿಮ್ಮ ವಯಸ್ಸಿನಲ್ಲಿ ಮೂಲ ಅಪಾಯವೇ ತೀರಾ ಕಡಿಮೆ. ವರ್ತುಲಕ್ಕಿಂತ ನಾನು ಕೇಳುವುದು ಬೇರೆ: ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಾ? ಮುನ್ಸೂಚನೆ ಇರುವವರಿಗೆ ಅದು ಕೂಡದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದೊತ್ತಡ ನೋಡಿಸಿದ್ದೀರಾ? ಕೈಕಾಲು ಸೋಲುವುದು, ಮಾತು ತೊದಲುವುದು, ಸಿಡಿಲು ಬಡಿದಂತೆ ಒಮ್ಮೆಲೇ ತಲೆ ಒಡೆಯುವುದು, ಜ್ವರದ ಜೊತೆ ಕತ್ತು ಬಿಗಿಯುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ವಾರಕ್ಕೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಗುಳಿಗೆಡಬ್ಬಿ, ಪಿ.ಬಿ. ರಸ್ತೆ:

ಔಷಧಿ ಅಂಗಡಿಯವನ ಮಾತೂ ಒಂದಿರಲಿ. ಖಾಲಿ ಸ್ಟ್ರಿಪ್ ತೋರಿಸಿ “ಇದೇ ಕೊಡಿ” ಎನ್ನುವವರು ನನಗೆ ದಿನವೂ ಸಿಗುತ್ತಾರೆ. ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ, ಅರೆತಲೆನೋವಿಗೆಂದೇ ಕೊಡುವ ಎರ್ಗಟಮಿನ್ ಬೆರೆತದ್ದನ್ನೋ ಟ್ರಿಪ್ಟಾನನ್ನೋ 10 ದಿನ, ಹೀಗೆ ಮೂರು ತಿಂಗಳು ದಾಟಿಸಿದರೆ ಗುಳಿಗೆಯೇ ತಲೆನೋವು ತರುತ್ತದೆ. ಬೇಸಿಗೆಯಲ್ಲಿ ಹೆಚ್ಚಾಯಿತು ಎಂದಿರಿ. ಎಷ್ಟು ನುಂಗುತ್ತಿದ್ದೀರಿ?

ಕಪ್ಪುಹಲಗೆ:

ವಾರಕ್ಕೆ ನಾಲ್ಕೈದು ದಿನ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ದಿನವೂ. ಇದನ್ನು ವೈದ್ಯರ ಮುಂದೆ ಹೇಳುತ್ತೇನೆ. ಗರ್ಭನಿರೋಧಕ ಗುಳಿಗೆ ಇಲ್ಲ. ಒಂದೇ ಪ್ರಶ್ನೆ ಉಳಿದಿದೆ: ಎಂಟನೆಯ ತರಗತಿಯ ಮಗಳೂ ತಲೆನೋವು ಎನ್ನುತ್ತಾಳೆ. ಅವಳಿಗೂ ಸ್ಕ್ಯಾನ್ ಮಾಡಿಸಲೇ?

ನೆರಳುಚಿತ್ರ:

ವರ್ತುಲ ಹುಡುಕುವುದಕ್ಕಾಗಿ ಬೇಡ. ಅರೆತಲೆನೋವು ವಂಶದಲ್ಲಿ ಬರುವಂಥದು, ಅದಕ್ಕೆ ಮಕ್ಕಳ ವೈದ್ಯರು ಮಾತನಾಡಿಸಿ, ಪರೀಕ್ಷಿಸಿದರೆ ಸಾಕು. ಸ್ಕ್ಯಾನ್ ಬೇಕೆಂದು ಕಂಡರೆ ಅವರೇ ಹೇಳುತ್ತಾರೆ. ನೀವು ಮುಂದಿನ ವಾರ ಹೋಗುವಾಗ ವರದಿಯ ಹಾಳೆಯೊಂದನ್ನೇ ಒಯ್ಯಬೇಡಿ, ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆದುಕೊಳ್ಳಿ.