ಅಪ್‌ಡೇಟ್: ಮಿಸ್ ಪೆರೆಗ್ರಿನ್ ಕಾದಂಬರಿ ಓದಿ ಮುಗಿಸಿದೆ

ರ್‍ಯಾನ್ಸಮ್ ರಿಗ್ಸ್ ಅವರ ‘ಮಿಸ್ ಪೆರೆಗ್ರಿನ್ಸ್ ಹೋಮ್ ಫಾರ್ ಪೆಕ್ಯೂಲಿಯರ್ ಚಿಲ್ಡ್ರನ್’ (2011) ಅರ್ಧಕ್ಕೆ ನಿಂತಿದೆ, ಮುಂದುವರಿಸಲೇ ಎಂದು ಕೇಳಿದ್ದೆ. ಓದಿ ಎಂದವರ ಮಾತಿಗೆ ಬೆಲೆ ಕೊಟ್ಟು ಮುಗಿಸಿದ್ದೇನೆ. ಮನಸ್ಸು ಮಾತ್ರ ಇನ್ನೂ ಇಬ್ಬಗೆಯಾಗಿಯೇ ಇದೆ.

ಫೋಟೊಗಳಿಗೆ ಪೂರ್ಣ ಅಂಕ. ಸಂಗ್ರಾಹಕರ ಬಳಿ ಸಿಕ್ಕ ನಿಜವಾದ ಹಳೆಯ ಚಿತ್ರಗಳು ಅವು. ನೆಲ ಬಿಟ್ಟು ತೇಲುವ ಹುಡುಗಿಯನ್ನು ನೋಡಿದ ಮೇಲೆ ಪುಟ ತಿರುವಲು ಕೈ ಹಿಂಜರಿಯಿತು. ಪೋಲೆಂಡಿನಿಂದ ಪಾರಾಗಿ ಬಂದ ಯಹೂದಿ ಅಜ್ಜ ಮೊಮ್ಮಗ ಜೇಕಬ್‌ಗೆ (ಇವನೇ ಕಥಾನಾಯಕ) ಹೇಳುವ ರಾಕ್ಷಸರ ಕಥೆಗಳ ಹಿಂದೆ ನಾಜಿಗಳ ನೆರಳು ಕಂಡಾಗ ಆದ ಅಂಜಿಕೆಯಂತೂ ಬೇರೆಯೇ. ಆದರೆ 1940ರ ಸೆಪ್ಟೆಂಬರ್ 3 ಮತ್ತೆ ಮತ್ತೆ ಮರಳುವ, ವಿಚಿತ್ರ ಶಕ್ತಿಗಳ ಮಕ್ಕಳಿರುವ ವೇಲ್ಸ್ ದ್ವೀಪದ ಮನೆಗೆ ಜೇಕಬ್ ಕಾಲಿಟ್ಟದ್ದೇ ತಡ, ಭಯ ಕರಗಿ ಸಾಹಸಕಥೆ ಶುರು. ಅಲ್ಲಿ ವಯಸ್ಸಾಗದೆ ಉಳಿದ, ಹಿಂದೆ ಅಜ್ಜ ಪ್ರೀತಿಸಿದ್ದ ಎಮ್ಮಾ ಎಂಬ ಹುಡುಗಿಯನ್ನೇ ಮೊಮ್ಮಗನೂ ಪ್ರೀತಿಸುವುದು ನನಗೆ ಯಾವ ರಾಕ್ಷಸನಿಗಿಂತಲೂ ಹೆಚ್ಚು ಕಸಿವಿಸಿ ತಂದಿತು. (ಇದನ್ನು ಯಾರೂ ಮೊದಲೇ ಹೇಳಲಿಲ್ಲವಲ್ಲ!)

ಕೊನೆಯೂ ಮುಗಿಯದ ಕೊನೆ. ಎಲ್ಲರನ್ನೂ ದೋಣಿ ಹತ್ತಿಸಿ ಲೇಖಕರು ಕೈಬಿಡುತ್ತಾರೆ. ಎರಡನೆಯ ಭಾಗ ‘ಹಾಲೋ ಸಿಟಿ’ ಗ್ರಂಥಾಲಯದಲ್ಲಿ ಸಿಕ್ಕರೆ ಓದುತ್ತೇನೆ, ದುಡ್ಡು ಕೊಟ್ಟು ಕೊಳ್ಳುವುದಿಲ್ಲ.